ಅಪ್ಪನಿಗೆ ಕೊಟ್ಟ ಬಾಡಿಗೆ

2023ರ ಕೊನೆಯಲ್ಲಿ ಬೇರೊಂದು ಕಂಪನಿಯವರು ಕರೆದರು. ತಿಂಗಳಿಗೆ 12 ಸಾವಿರ ಹೆಚ್ಚು ಸಂಬಳ, ಆದರೆ ವಾರದ ಐದು ದಿನವೂ ಆಫೀಸು. ಆಗ ನಾನಿದ್ದ ಕಡೆ ಮೂರು ದಿನ ಹೋದರೆ ಸಾಕಿತ್ತು. ಸೋಮವಾರ ರಾತ್ರಿ ಶಿವಮೊಗ್ಗದಲ್ಲಿ ಬೆಂಗಳೂರಿನ ಬಸ್ ಹತ್ತಿದರೆ ಗುರುವಾರ ರಾತ್ರಿ ವಾಪಸ್.

ಈ ಮೂರು ದಿನದ ಏರ್ಪಾಡು ಅಗ್ಗ ಎಂದೇ ನಂಬಿದ್ದೆ. ಲೆಕ್ಕ ಬರೆಯುವವರೆಗೆ. ವಾರಕ್ಕೆ ಎರಡೇ ರಾತ್ರಿ ಮಲಗಿದರೂ ಪಿಜಿಯವರು ಇಡೀ ತಿಂಗಳ 9,500 ತೆಗೆದುಕೊಳ್ಳುತ್ತಿದ್ದರು. ಸ್ಲೀಪರ್ ಬಸ್ಸಿಗೆ ವಾರಕ್ಕೆ 1,600. ಎರಡೂ ಸೇರಿ 15,900. ತಿಂಗಳಿಗೆ ಹನ್ನೆರಡು ದಿನ ಆಫೀಸು. ಅಂದರೆ ಒಂದೊಂದು ದಿನ ಆ ಕುರ್ಚಿಯಲ್ಲಿ ಕೂರಲು ನಾನೇ 1,325 ರೂಪಾಯಿ ಕೊಡುತ್ತಿದ್ದೆ! ಆ ವರ್ಷ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗ ಸಾಮಾನ್ಯ ಬಸ್ಸಿನಲ್ಲಿ ಪುಕ್ಕಟೆ ಹೋಗಿಯೂ ನೋಡಿದೆ. ಮುನ್ನೂರು ಕಿಲೋಮೀಟರ್ ಕೂತೇ ಬಂದು, ಬೆಳಗಿನ ಮೀಟಿಂಗಿನಲ್ಲಿ ತೂಕಡಿಸಿ ಸಿಕ್ಕಿಬಿದ್ದ ಮೇಲೆ ಮತ್ತೆ ಸ್ಲೀಪರ್.

ಹಾಗಾದರೆ ಹೊಸ ಕೆಲಸವೇ ವಾಸಿಯೇ? ವಾರಕ್ಕೆ ಎರಡು ರಾತ್ರಿಗೆ ನಡೆದುಹೋಗುವ ಪಿಜಿ, ವರ್ಷಪೂರ್ತಿ ನನ್ನಿಂದಾಗದು. ಮಾರತ್ತಹಳ್ಳಿಯಲ್ಲಿ ನೋಡಿದ ಮನೆಗೆ ಬಾಡಿಗೆ 22 ಸಾವಿರ, ಮೇಂಟೆನೆನ್ಸ್ 2 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದು. ಆ 2.2 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 15,400 ಬರುತ್ತಿತ್ತು. ಓನರ್ ಹತ್ತಿರ ಸೊನ್ನೆ. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೇರೆ. ತಿಂಗಳಿಗೊಮ್ಮೆ ಊರಿಗೆ ಹೋಗಿಬರುವುದೂ ಸೇರಿ ಖರ್ಚು ಸುಮಾರು 11 ಸಾವಿರ ಏರುತ್ತಿತ್ತು. ತೆರಿಗೆ ಕಳೆದು ಕೈಗೆ ಬರುವ ಹೆಚ್ಚುವರಿ ಒಂಬತ್ತೂವರೆ. ಬರುವುದಿಲ್ಲ ಎಂದುಬಿಟ್ಟೆ.

ಪೂರ್ತಿ ಮನೆಯಿಂದಲೇ ಕೆಲಸ ಮಾಡಿದ 2021ರಲ್ಲೂ ಖರ್ಚು ತಪ್ಪಿರಲಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಇನ್ವರ್ಟರ್ ಬೇಕೇ ಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯದು (ಎಚ್‌ಆರ್‌ಎ): ಬಾಡಿಗೆ ಕಟ್ಟದಿದ್ದರೆ ಅಷ್ಟಕ್ಕೂ ತೆರಿಗೆ. ಸುಳ್ಳು ರಸೀದಿ ಕೊಡು ಎಂದ ಸಹೋದ್ಯೋಗಿಗಳಿದ್ದರು. ಅದು ಬೇಡವೆಂದು, ಮನೆ ಅಪ್ಪನ ಹೆಸರಲ್ಲಿದ್ದದ್ದರಿಂದ, ಅವರಿಗೇ ನಿಜವಾಗಿ ತಿಂಗಳಿಗೆ 8 ಸಾವಿರ ಬ್ಯಾಂಕಿನ ಮೂಲಕ ಹಾಕತೊಡಗಿದೆ. ಅವರೂ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಮೂಲ ವೇತನದ ಹತ್ತನೇ ಒಂದು ಭಾಗ, ನನಗೆ 4 ಸಾವಿರ, ಕಳೆದು ಉಳಿದ ಬಾಡಿಗೆಗೆ ವಿನಾಯಿತಿ ಸಿಕ್ಕಿತು. ವರ್ಷಕ್ಕೆ ಹತ್ತು ಸಾವಿರದ ಹತ್ತಿರ ತೆರಿಗೆ ಉಳಿಯಿತು. (ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ದಾರಿ ಇಲ್ಲ.)

ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಗಿತ್ತು. "ಮಗಳ ಹತ್ರ ಬಾಡಿಗೆ ಈಸ್ಕೊಂಡ ಅಂತ ಊರೆಲ್ಲ ಆಡ್ಕೊಳ್ಳಲ್ವೇನೆ?" ಎಂದು ಎರಡು ದಿನ ಮಾತೇ ಬಿಟ್ಟಿದ್ದರು.

ಪಿಜಿ ಸೇರಿದ ಮೇಲೆ ಆ ಬಾಡಿಗೆ ನಿಲ್ಲಿಸಿದೆ. ಮುಂದಿನ ತಿಂಗಳು ಐದನೇ ತಾರೀಕಿಗೆ ಅಪ್ಪ ಪಾಸ್‌ಬುಕ್ ಹಿಡಿದು ಬಂದರು. "ಅಲ್ಲ ಮಗಳೇ, ಈ ಸಲ ಬ್ಯಾಂಕಿನವ್ರು ಏನೋ ತಪ್ಪು ಮಾಡಿದಾರೆ ನೋಡು."