ಕಡಲು ತೊರೆದ ನಗರ

ತುರ್ಕಿ ದೇಶದ ಪಶ್ಚಿಮ ಕರಾವಳಿಯಲ್ಲಿ, ಇಜ್ಮಿರ್ ನಗರಕ್ಕೆ ದಕ್ಷಿಣದಲ್ಲಿ, ಸೆಲ್ಚುಕ್ ಎಂಬ ಚಿಕ್ಕ ಪಟ್ಟಣವಿದೆ. ಅದರ ಸಮೀಪದಲ್ಲಿ, ಎರಡು ಗುಡ್ಡಗಳ ನಡುವಣ ಇಳಿಜಾರಿನಲ್ಲಿ, ಎಫೆಸಸ್ ನಗರದ ಅವಶೇಷಗಳು ಹರಡಿಕೊಂಡಿವೆ. ಇಂದು ಅದು ತುರ್ಕಿಯ ನೆಲವಾದರೂ ಎಫೆಸಸ್ ಮೂಲತಃ ಗ್ರೀಕರ ಊರು. ಕ್ರಿಸ್ತಶಕಕ್ಕೆ ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಏಜಿಯನ್ ಸಮುದ್ರವನ್ನು ದಾಟಿ ಬಂದ ಅಯೋನಿಯನ್ ಗ್ರೀಕರು ಇಲ್ಲಿ ನೆಲೆಯೂರಿದರು. ಮುಂದೆ ರೋಮನ್ನರ ಆಳ್ವಿಕೆ ಬಂದಾಗ ಇದು ‘ಏಷ್ಯಾ’ ಎಂಬ ಅವರ ಶ್ರೀಮಂತ ಪ್ರಾಂತದ ರಾಜಧಾನಿಯಾಯಿತು. ಪೂರ್ವದಿಂದ ನೆಲದ ಹಾದಿಯಲ್ಲಿ ಬಂದ ಸರಕು ಇಲ್ಲಿ ಹಡಗನ್ನೇರುತ್ತಿತ್ತು. ಪಶ್ಚಿಮದಿಂದ ಬಂದ ಸರಕು ಇಲ್ಲಿ ಇಳಿಯುತ್ತಿತ್ತು. ಊರಿನ ಸಿರಿಯೆಲ್ಲವೂ ಬಂದರಿನ ಕೊಡುಗೆ.

ಆದರೆ ಈಗ ಇಲ್ಲಿಗೆ ಬರುವ ಪ್ರವಾಸಿಗನಿಗೆ ಒಂದು ಸಂಗತಿ ವಿಚಿತ್ರವಾಗಿ ತೋರದಿರದು. ಬಂದರಿನ ಬೀದಿ ಇದೆ, ಬಂದರಿಲ್ಲ. ಬಂದರಿಗೆ ತೆರೆದುಕೊಳ್ಳುವ ಹೆಬ್ಬಾಗಿಲುಗಳ ಬುನಾದಿ ಇದೆ, ಅವುಗಳ ಮುಂದೆ ನೀರಿಲ್ಲ. ಸಮುದ್ರವು ಅಲ್ಲಿಂದ ಐದಾರು ಕಿಲೋಮೀಟರು ಪಶ್ಚಿಮಕ್ಕೆ ಸರಿದುಹೋಗಿದೆ. ಅದು ಹೇಗಾಯಿತೆಂಬುದನ್ನು ಅರಿಯದೆ ಎಫೆಸಸನ್ನು ನೋಡಿದವನು ಕಲ್ಲುಗಳನ್ನು ಮಾತ್ರ ನೋಡಿದಂತಾಗುತ್ತದೆ.

ಮೇಲಿನ ಬಾಗಿಲಿನಿಂದ ಒಳಹೊಕ್ಕು ಇಳಿಯುತ್ತ ಹೋಗುವುದು ಪ್ರವಾಸಿಗರ ರೂಢಿ. ಮೊದಲು ಸಿಗುವುದು ನಗರದ ಆಡಳಿತದ ಭಾಗ. ಅಲ್ಲಿ ವಿಶಾಲವಾದ ಚೌಕವೊಂದಿದೆ. ಅದರ ಮಗ್ಗುಲಲ್ಲಿ ಸುಮಾರು 1500 ಜನ ಕುಳಿತುಕೊಳ್ಳಬಹುದಾದ ಅರ್ಧಚಂದ್ರಾಕಾರದ ಸಭಾಮಂದಿರವಿದೆ. ಅದರಾಚೆಗೆ ನಗರದ ಅಗ್ನಿಗೃಹ. ಹೆಸ್ಟಿಯಾ ದೇವಿಯ ಪವಿತ್ರಾಗ್ನಿಯನ್ನು ಹಗಲಿರುಳೂ ಆರದಂತೆ ಇಲ್ಲಿ ಕಾಯುತ್ತಿದ್ದರು. ಮನೆಗೊಂದು ಒಲೆಯಿರುವಂತೆ ಊರಿಗೂ ಒಂದು ಒಲೆಯಿರಬೇಕೆಂಬುದು ಗ್ರೀಕರ ಭಾವನೆಯಾಗಿತ್ತು.

ಇಲ್ಲಿಂದ ಕ್ಯೂರೇಟರ ಬೀದಿ ಇಳಿಜಾರಾಗಿ ಹೊರಡುತ್ತದೆ. ಹಾಸುಗಲ್ಲುಗಳೆಲ್ಲ ಅಮೃತಶಿಲೆ, ಶತಮಾನಗಳ ನಡೆದಾಟದಿಂದ ಅವು ನುಣುಪಾಗಿವೆ. ಇಕ್ಕೆಲಗಳಲ್ಲಿ ಕಾರಂಜಿಗಳು, ಪ್ರತಿಮೆಗಳ ಪೀಠಗಳು, ಹೇಡ್ರಿಯನ್ ಚಕ್ರವರ್ತಿಯ ಹೆಸರಿನ ಪುಟ್ಟ ಗುಡಿ. ಎಡಗಡೆಯ ಗುಡ್ಡದ ಮೈಯಲ್ಲಿ ಸಿರಿವಂತರ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಅವುಗಳ ಗೋಡೆಗಳ ಮೇಲೆ ವರ್ಣಚಿತ್ರಗಳು, ನೆಲದಲ್ಲಿ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿದ ಚಿತ್ತಾರಗಳು ಇಂದಿಗೂ ಕಾಣುತ್ತವೆ. ಬೀದಿಯ ಇನ್ನೊಂದು ಬದಿಯಲ್ಲಿ ಸಾರ್ವಜನಿಕ ಶೌಚಾಲಯವಿದೆ. ಉದ್ದನೆಯ ಅಮೃತಶಿಲೆಯ ಪೀಠ, ಅದರ ಕೆಳಗೆ ಸದಾ ಹರಿಯುತ್ತಿದ್ದ ನೀರಿನ ಕಾಲುವೆ. ಪ್ರವಾಸಿಗರು ಇದನ್ನು ಕಂಡು ನಗುವುದುಂಟು. ಆದರೆ ಊರಿನ ಕೊಳೆಯನ್ನು ಹೊರಗೆ ಸಾಗಿಸುವ ವಿದ್ಯೆಯನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದ ಜನರನ್ನು ಕುರಿತು ನಗುವುದಕ್ಕಿಂತ ಬೆರಗಾಗುವುದು ಹೆಚ್ಚು ಯುಕ್ತ.

ಬೀದಿಯ ತುದಿಯಲ್ಲಿ ಸೆಲ್ಸಸ್ ಗ್ರಂಥಾಲಯ ಎದ್ದುನಿಂತಿದೆ. ಸೆಲ್ಸಸ್ ಏಷ್ಯಾ ಪ್ರಾಂತದ ಅಧಿಪತಿಯಾಗಿದ್ದವನು. ಅವನ ಮಗ ಅಕ್ವಿಲಾ ತಂದೆಯ ನೆನಪಿಗಾಗಿ ಎರಡನೆಯ ಶತಮಾನದ ಆದಿಯಲ್ಲಿ ಇದನ್ನು ಕಟ್ಟಿಸತೊಡಗಿದನು. ಗ್ರಂಥಗಳನ್ನು ಕೊಳ್ಳುವುದಕ್ಕೆಂದು ಹಣವನ್ನೂ ಮುಡಿಪಾಗಿಟ್ಟನು. ತಂದೆಯ ಶವಪೆಟ್ಟಿಗೆಯನ್ನು ಗ್ರಂಥಾಲಯದ ನೆಲದ ಕೆಳಗೇ ಇರಿಸಲಾಯಿತು. ಊರೊಳಗೆ ಶವಸಂಸ್ಕಾರ ಮಾಡುವುದು ಅಪರೂಪವಾಗಿದ್ದ ಕಾಲದಲ್ಲಿ ಇದು ದೊಡ್ಡ ಗೌರವ. ಒಳಗೆ ಸುಮಾರು 12,000 ಸುರುಳಿ ಗ್ರಂಥಗಳಿದ್ದವೆಂದು ವಿದ್ವಾಂಸರ ಅಂದಾಜು. ಸುರುಳಿಗಳಿಗೆ ತೇವ ತಗಲದಿರಲೆಂದು ಗೋಡೆಯನ್ನು ಎರಡು ಪದರವಾಗಿ ಕಟ್ಟಿ ನಡುವೆ ಗಾಳಿಗೆ ಎಡೆ ಬಿಟ್ಟಿದ್ದಾರೆ. ಬೆಳಗಿನ ಬೆಳಕು ಓದುವವರಿಗೆ ದೊರೆಯುವಂತೆ ಕಟ್ಟಡ ಪೂರ್ವಾಭಿಮುಖವಾಗಿದೆ. ಮುಂಭಾಗದ ಗೂಡುಗಳಲ್ಲಿ ಜ್ಞಾನ, ವಿವೇಕ ಮೊದಲಾದ ಗುಣಗಳನ್ನು ಸ್ತ್ರೀರೂಪದಲ್ಲಿ ಕಡೆದು ನಿಲ್ಲಿಸಿದ್ದಾರೆ. ಇಲ್ಲಿರುವುವು ಪ್ರತಿಕೃತಿಗಳು, ಮೂಲಶಿಲ್ಪಗಳು ಆಸ್ಟ್ರಿಯದ ವಿಯೆನ್ನಾ ನಗರದಲ್ಲಿವೆ. ಮೂರನೆಯ ಶತಮಾನದಲ್ಲಿ ಗ್ರಂಥಾಲಯದ ಒಳಭಾಗ ಬೆಂಕಿಗೆ ಆಹುತಿಯಾಯಿತು. ಮುಂದೊಂದು ಕಾಲದಲ್ಲಿ ಮುಂಭಾಗದ ಗೋಡೆಯೂ ಉರುಳಿತು. ಬಿದ್ದಿದ್ದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ, 1970ರಿಂದ 1978ರವರೆಗೆ ಪುರಾತತ್ತ್ವಜ್ಞರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ಗ್ರಂಥಾಲಯದಿಂದ ಬಲಕ್ಕೆ ತಿರುಗಿ ನಡೆದರೆ ಗುಡ್ಡದ ಮಡಿಲಲ್ಲಿ ಕೆತ್ತಿದ ಮಹಾರಂಗಮಂದಿರ ಕಾಣುತ್ತದೆ. ಅದರಲ್ಲಿ ಸುಮಾರು 25,000 ಜನ ಕುಳಿತುಕೊಳ್ಳಬಹುದಾಗಿತ್ತು. ಒಂದನೆಯ ಶತಮಾನದಲ್ಲಿ ಇಲ್ಲಿ ನಡೆದ ಗಲಭೆಯೊಂದನ್ನು ಬೈಬಲ್ ವಿವರಿಸುತ್ತದೆ. ಕ್ರೈಸ್ತ ಧರ್ಮಪ್ರಚಾರಕನಾದ ಪೌಲನ ಬೋಧನೆಯಿಂದ ಆರ್ಟೆಮಿಸ್ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದವರ ವ್ಯಾಪಾರಕ್ಕೆ ಕುತ್ತು ಬರುವುದೆಂದು ಡಿಮೆಟ್ರಿಯಸ್ ಎಂಬ ಅಕ್ಕಸಾಲಿಗನು ತನ್ನ ಕಸಬಿನವರನ್ನು ಕೆರಳಿಸಿದನು. ಜನ ರಂಗಮಂದಿರಕ್ಕೆ ನುಗ್ಗಿ ಎರಡು ಗಂಟೆಗಳ ಕಾಲ ದೇವಿಯ ಹೆಸರನ್ನು ಕೂಗಿದರಂತೆ. ತಾವು ಏಕೆ ಸೇರಿದ್ದೇವೆಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲವಂತೆ! ಕೊನೆಗೆ ನಗರದ ಕಾರ್ಯದರ್ಶಿ ಎದ್ದು, ದೂರಿದ್ದರೆ ನ್ಯಾಯಾಲಯಕ್ಕೆ ಹೋಗಿರೆಂದು ಹೇಳಿ ಅವರನ್ನು ಚದುರಿಸಿದನು. ಆತನ ಹೆಸರು ಉಳಿದುಬಂದಿಲ್ಲ.

ರಂಗಮಂದಿರದ ಮೇಲಿನ ಸಾಲಿನಲ್ಲಿ ಕುಳಿತು ಪಶ್ಚಿಮಕ್ಕೆ ನೋಡಿದವನ ಕಣ್ಣಿಗೆ ನೇರವಾದ ಬೀದಿಯೊಂದು ಬೀಳುತ್ತದೆ. ಅದೇ ಬಂದರಿನ ಬೀದಿ. ಅದರ ಉದ್ದ ಅರ್ಧ ಕಿಲೋಮೀಟರಿಗೂ ಮಿಗಿಲು, ಅಗಲ ಸುಮಾರು 11 ಮೀಟರು. ಇಕ್ಕೆಲಗಳಲ್ಲಿ ಕಂಬಸಾಲುಗಳೂ ಅಂಗಡಿಗಳೂ ಇದ್ದವು. ಕ್ರಿ.ಶ. 400ರ ಸುಮಾರಿನಲ್ಲಿ ಆರ್ಕೇಡಿಯಸ್ ಚಕ್ರವರ್ತಿ ಇದನ್ನು ನವೀಕರಿಸಿದನು. ರಾತ್ರಿಯ ಹೊತ್ತು ಬೀದಿಯಲ್ಲಿ ದೀಪಗಳು ಉರಿಯುತ್ತಿದ್ದುವೆಂದು ಶಾಸನವೊಂದು ಹೇಳುತ್ತದೆ. ಬೀದಿದೀಪಗಳಿದ್ದ ಊರುಗಳು ಆ ಕಾಲದಲ್ಲಿ ಬಲು ವಿರಳ. ಹಡಗಿನಿಂದ ಇಳಿದ ವರ್ತಕನು ದೀಪಗಳ ಬೆಳಕಿನಲ್ಲಿ ಈ ಅಮೃತಶಿಲೆಯ ಹಾದಿಯಲ್ಲಿ ನಡೆದು ಬರುತ್ತಿದ್ದನು. ಇಂದು ಅದೇ ಹಾದಿಯ ತುದಿಯಲ್ಲಿ ಜೊಂಡು ಬೆಳೆದ ಜವುಗು ನೆಲವಿದೆ.

ಈ ಮಾರ್ಪಾಟಿಗೆ ಕಾರಣ ಒಂದು ಸಾಧಾರಣ ನದಿ. ಕೇಸ್ಟ್ರಸ್ ಎಂಬ ಆ ನದಿ ಒಳನಾಡಿನಿಂದ ಹರಿದುಬಂದು ಎಫೆಸಸಿನ ಬಳಿ ಕೊಲ್ಲಿಯನ್ನು ಸೇರುತ್ತಿತ್ತು. ಕಣಿವೆಯ ಬೆಟ್ಟಗಳಲ್ಲಿ ಕಾಡು ಕಡಿದು ಬೇಸಾಯ ಮಾಡಿದಂತೆಲ್ಲ, ಆಡುಕುರಿಗಳು ಹಸುರನ್ನು ಮೇಯ್ದಂತೆಲ್ಲ, ಮಳೆಗೆ ಮಣ್ಣು ಕೊಚ್ಚಿ ಬಂದು ನದಿಗೆ ಬೀಳುತ್ತಿತ್ತು. ನದಿ ಅದನ್ನು ತಂದು ಅಳಿವೆಯಲ್ಲಿ ಹರಡುತ್ತಿತ್ತು. ಒಂದು ವರ್ಷದಲ್ಲಿ ಯಾರಿಗೂ ಏನೂ ಕಾಣುವಂತಿರಲಿಲ್ಲ; ಶತಮಾನದಲ್ಲಿ ಕಡಲಂಚೇ ಬದಲಾಗುತ್ತಿತ್ತು. ಒಂದೇ ನದಿಗೆ ಎರಡು ಸಲ ಇಳಿಯಲಾಗದೆಂಬ ಮಾತಿನಿಂದ ಪ್ರಸಿದ್ಧನಾದ ತತ್ತ್ವಜ್ಞಾನಿ ಹೆರಾಕ್ಲಿಟಸ್ ಇದೇ ಊರಿನವನೆಂಬುದನ್ನು ಇಲ್ಲಿ ನೆನೆಯಬಹುದು.

ನಗರದವರು ಇದನ್ನು ಕೈಕಟ್ಟಿ ನೋಡುತ್ತ ಕೂರಲಿಲ್ಲ. ಕ್ರಿ.ಪೂ. ಮೂರನೆಯ ಶತಮಾನದ ಆದಿಯಲ್ಲಿ ಲೈಸಿಮಾಕಸ್ ಎಂಬ ಅರಸನು ತಗ್ಗಿನಲ್ಲಿದ್ದ ಹಳೆಯ ಊರನ್ನು ಈಗಿನ ಗುಡ್ಡಗಳ ಇಳಿಜಾರಿಗೆ ಸಾಗಿಸಿದನು. ಜನ ಹಳೆಯ ಮನೆಗಳನ್ನು ಬಿಡಲೊಪ್ಪದಿರಲು ಅವನು ದೊಡ್ಡ ಮಳೆಯೊಂದು ಬರುವವರೆಗೆ ಕಾದು, ಊರ ಚರಂಡಿಗಳನ್ನು ಮುಚ್ಚಿಸಿಬಿಟ್ಟನೆಂದೂ ನೀರು ಮನೆಗೆ ನುಗ್ಗಿದ ಮೇಲೆ ಅವರು ಸಂತೋಷದಿಂದಲೇ ಹೊರಟರೆಂದೂ ಸ್ಟ್ರೇಬೊ ಎಂಬ ಪ್ರಾಚೀನ ಭೂಗೋಳಜ್ಞನು ಬರೆದಿದ್ದಾನೆ. ಅವನೇ ಹೇಳುವ ಇನ್ನೊಂದು ಸಂಗತಿ ಹೆಚ್ಚು ಮಹತ್ತ್ವದ್ದು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅಟ್ಟಾಲಸ್ ಎಂಬ ಅರಸನು ಬಂದರಿನ ಬಾಯಿಯನ್ನು ಕಿರಿದುಗೊಳಿಸಿದರೆ ನೀರು ಆಳವಾಗಿ ನಿಂತು ದೊಡ್ಡ ಹಡಗುಗಳು ಬರಬಹುದೆಂದು ಭಾವಿಸಿದನು. ಅವನ ವಾಸ್ತುಕಾರರೂ ಹಾಗೆಯೇ ನಂಬಿದರು. ಅಪ್ಪಣೆಯಂತೆ ಅಡ್ಡಗಟ್ಟೆ ಎದ್ದಿತು. ಆದದ್ದು ಮಾತ್ರ ತಿರುಗುಮುರುಗು. ಅಲ್ಲಿಯವರೆಗೆ ಸಮುದ್ರದ ಏರಿಳಿತವು ಹೂಳಿನ ಬಹುಭಾಗವನ್ನು ಹೊರಕ್ಕೆ ಎಳೆದೊಯ್ಯುತ್ತಿತ್ತು; ಕಟ್ಟೆ ಬಂದ ಮೇಲೆ ಹೂಳು ಒಳಗೇ ಸಿಕ್ಕಿಕೊಂಡು ಬಂದರಿನುದ್ದಕ್ಕೂ ನೀರು ತೆಳುವಾಯಿತು.

ರೋಮನ್ನರ ಕಾಲದಲ್ಲೂ ಈ ಹೋರಾಟ ನಿಲ್ಲಲಿಲ್ಲ. ನೀರೋ ಚಕ್ರವರ್ತಿಯ ಆಳ್ವಿಕೆಯಲ್ಲಿ ಪ್ರಾಂತಾಧಿಪತಿಯಾಗಿದ್ದ ಬಾರಿಯಾ ಸೊರಾನಸ್ ಶ್ರಮವಹಿಸಿ ಬಂದರನ್ನು ತೆರವು ಮಾಡಿಸಿದನು. ಅವನ ನ್ಯಾಯಪರತೆ ಮತ್ತು ಈ ಕಾರ್ಯಶ್ರದ್ಧೆಗಳೇ ನೀರೋವಿನ ಅಸಮಾಧಾನವನ್ನು ಹೆಚ್ಚಿಸಿದವೆಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಕ್ರಿ.ಶ. 66ರಲ್ಲಿ ಸೊರಾನಸನಿಗೆ ಮರಣದಂಡನೆ ಪ್ರಾಪ್ತವಾಯಿತು. ಒಳ್ಳೆಯ ಕೆಲಸಕ್ಕೆ ದೊರೆತ ಫಲವಿದು! ಮುಂದೆ ಹೇಡ್ರಿಯನ್ ಚಕ್ರವರ್ತಿ, ಬಂದರಿಗೆ ಕೇಡು ಮಾಡುತ್ತಿದ್ದ ಕೇಸ್ಟ್ರಸ್ ನದಿಯ ಹರಿವನ್ನೇ ತಿರುಗಿಸಿದನು. ಅದಕ್ಕಾಗಿ ನಗರದವರು ಕೃತಜ್ಞತೆ ಸಲ್ಲಿಸಿದ ಶಾಸನ ಕ್ರಿ.ಶ. 129ಕ್ಕೆ ಸೇರಿದ್ದು. ಅದೇ ಶತಮಾನದ ಇನ್ನೊಂದು ಶಾಸನ ಪ್ರಾಂತಾಧಿಪತಿಯೊಬ್ಬನ ಆಜ್ಞೆ. ಮರದ ವ್ಯಾಪಾರಿಗಳು ದಿಮ್ಮಿಗಳನ್ನು ಹಡಗುಕಟ್ಟೆಯ ಮೇಲೆ ಪೇರಿಸಬಾರದು, ಕಲ್ಲು ಕೊಯ್ಯುವವರು ಪುಡಿಯನ್ನು ನೀರಿಗೆ ಸುರಿಯಬಾರದು ಎಂದು ಅದು ವಿಧಿಸುತ್ತದೆ. ಬಂದರಿನಿಂದ ಹೊಟ್ಟೆ ಹೊರೆಯುತ್ತಿದ್ದವರೇ ಬಂದರನ್ನು ತುಂಬುತ್ತಿದ್ದರೆಂಬುದು ಇದರಿಂದ ವಿದಿತವಾಗುತ್ತದೆ.

ಕೊನೆಗೆ ಗೆದ್ದದ್ದು ಹೂಳು. ನದಿಯ ಬಾಯಿ ಮುಂದುಮುಂದಕ್ಕೆ ಸಾಗಿತು. ಹಡಗುಗಳು ಕಾಲುವೆಯ ಮೂಲಕ ಬರಬೇಕಾಯಿತು. ಜವುಗು ನೆಲದಲ್ಲಿ ಮಲೇರಿಯಾ ನೆಲೆಸಿತು. ಭೂಕಂಪಗಳೂ ಏಳನೆಯ ಶತಮಾನದ ಅರಬರ ದಾಳಿಗಳೂ ನಗರವನ್ನು ಜರ್ಜರಗೊಳಿಸಿದವು ನಿಜ. ಆದರೆ ಎಫೆಸಸ್ ಅಂಥ ಪೆಟ್ಟುಗಳನ್ನು ಹಿಂದೆಯೂ ತಿಂದು ಚೇತರಿಸಿಕೊಂಡಿತ್ತು. ಬಂದರು ಕೆಟ್ಟ ಮೇಲೆ ಮರಳಿ ಕಟ್ಟುವ ಹುರುಪು ಉಳಿಯಲಿಲ್ಲ. ಜನ ಮೆಲ್ಲಮೆಲ್ಲನೆ ಸೆಲ್ಚುಕ್ಕಿನ ಗುಡ್ಡದ ಕಡೆಗೆ ಸರಿದರು.

ಆ ಗುಡ್ಡಕ್ಕೆ ಹೋಗುವ ದಾರಿಯ ಬದಿಯಲ್ಲಿ, ನಗರದ ಗೋಡೆಯಿಂದ ಹೊರಗೆ, ಆರ್ಟೆಮಿಸ್ ದೇವಾಲಯದ ನಿವೇಶನವಿದೆ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಇದು ಒಂದು. ಕ್ರಿ.ಪೂ. 356ರಲ್ಲಿ ಹೆರೊಸ್ಟ್ರೇಟಸ್ ಎಂಬವನು ತನ್ನ ಹೆಸರು ಶಾಶ್ವತವಾಗಲೆಂದು ಇದಕ್ಕೆ ಬೆಂಕಿಯಿಟ್ಟನು. ಅವನ ಹೆಸರನ್ನು ಯಾರೂ ಉಚ್ಚರಿಸಕೂಡದೆಂದು ನಗರ ವಿಧಿಸಿದರೂ ಇತಿಹಾಸಕಾರನೊಬ್ಬನು ಅದನ್ನು ಬರೆದಿಟ್ಟುಬಿಟ್ಟನು. ಮುಂದೆ ಅಲೆಕ್ಸಾಂಡರನು ಪುನರ್ನಿರ್ಮಾಣದ ವೆಚ್ಚವನ್ನೆಲ್ಲ ತಾನು ಭರಿಸುವುದಾಗಿಯೂ ದೇವಾಲಯದ ಮೇಲೆ ತನ್ನ ಹೆಸರನ್ನು ಕೆತ್ತಿಸಬೇಕೆಂದೂ ಕೇಳಿದನಂತೆ. ಒಬ್ಬ ದೇವರು ಇನ್ನೊಬ್ಬ ದೇವರಿಗೆ ಕಾಣಿಕೆ ಕೊಡುವುದು ಸರಿಯಲ್ಲವೆಂದು ಎಫೆಸಸಿನ ಪ್ರಜೆಯೊಬ್ಬನು ಜಾಣತನದಿಂದ ಉತ್ತರಿಸಿದನೆಂದು ಕಥೆಯಿದೆ. ದೇವಾಲಯವನ್ನು ಊರವರೇ ಮತ್ತೆ ಕಟ್ಟಿದರು. ಅದಕ್ಕೆ 127 ಕಂಬಗಳಿದ್ದವೆಂದು ರೋಮಿನ ಪ್ಲಿನಿ ಹೇಳುತ್ತಾನೆ.

ಇಷ್ಟು ದೊಡ್ಡ ಕಟ್ಟಡ ಎಲ್ಲಿತ್ತೆಂಬುದೇ ಒಂದು ಕಾಲಕ್ಕೆ ಮರೆತುಹೋಗಿತ್ತು. ಜಾನ್ ಟರ್ಟಲ್ ವುಡ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿ 1863ರಲ್ಲಿ ಹುಡುಕಾಟ ಆರಂಭಿಸಿದನು. ವರ್ಷಗಳು ಕಳೆದರೂ ಸುಳಿವು ಸಿಗಲಿಲ್ಲ. ಆಗ ರಂಗಮಂದಿರದ ಗೋಡೆಯಲ್ಲಿ ದೊರೆತ ಶಾಸನವೊಂದು, ದೇವಿಯ ಉತ್ಸವಮೂರ್ತಿಗಳ ಮೆರವಣಿಗೆ ಯಾವ ಬಾಗಿಲಿನಿಂದ ಬಂದು ಯಾವ ಬಾಗಿಲಿನಿಂದ ಹಿಂದಿರುಗಬೇಕೆಂಬುದನ್ನು ತಿಳಿಸುತ್ತಿತ್ತು. ವುಡ್ ಆ ಬಾಗಿಲನ್ನು ಅಗೆದು ತೆಗೆದನು. ಅಲ್ಲಿಂದ ಹೊರಟ ಹಳೆಯ ಹಾದಿಯನ್ನು ಹಿಡಿದು ಅಗೆಯುತ್ತ ನಡೆದನು. 1869ರ ಡಿಸೆಂಬರ್ 31ರಂದು ದೇವಾಲಯದ ಅಮೃತಶಿಲೆಯ ನೆಲಗಟ್ಟು ಅವನ ಕೂಲಿಯಾಳುಗಳ ಗುದ್ದಲಿಗೆ ತಗಲಿತು. ಅದು ಸುಮಾರು ಆರು ಮೀಟರ್ ಆಳದಲ್ಲಿ, ನದಿ ತಂದು ಹರಡಿದ ಮೆಕ್ಕಲು ಮಣ್ಣಿನ ಅಡಿಯಲ್ಲಿತ್ತು.

2015ರಲ್ಲಿ ಎಫೆಸಸ್ ವಿಶ್ವಪರಂಪರೆಯ ತಾಣಗಳ ಪಟ್ಟಿಯನ್ನು ಸೇರಿತು. ದೇವಾಲಯದ ತಗ್ಗಿನಲ್ಲಿ ಈಗ ಒಂದೇ ಒಂದು ಕಂಬ ನಿಂತಿದೆ. ಅದೂ ಸಿಕ್ಕ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದ್ದು. ಮಳೆ ಬಂದಾಗ ಬುಡದ ಸುತ್ತ ನೀರು ನಿಲ್ಲುತ್ತದೆ. ಕಂಬದ ನೆತ್ತಿಯ ಮೇಲೆ ಕೊಕ್ಕರೆಗಳು ಕಡ್ಡಿಗಳನ್ನು ತಂದು ಗೂಡು ಕಟ್ಟುತ್ತವೆ.