ಗಾಡಿ ಸ್ಟಾರ್ಟ್ ಆಗುವವರೆಗೆ ಹಾಲು ಕಾಯುವುದಿಲ್ಲ



ದನದ ಡಾಕ್ಟರಿಗೆ ಇಂಜಿನ್ ವಿಷಯ ಯಾಕೆ ಎಂದು ಕೆಲವರು ಕೇಳಬಹುದು. ಬೇತಮಂಗಲ, ಕಾಮಸಮುದ್ರ, ಬೂದಿಕೋಟೆ ಕಡೆಯ ಸಂಘಗಳಲ್ಲಿ ಲಸಿಕೆ ಕೆಲಸ ಮುಗಿಸಿ ಕೂತರೆ ಮಾತು ತಾನಾಗಿ ಗಾಡಿಯ ಕಡೆ ತಿರುಗುತ್ತದೆ. "ಸಾರ್, ಹಳೇ ಓಮ್ನಿ ಬೆಳಗ್ಗೆ ಹೊತ್ತು ಸ್ಟಾರ್ಟೇ ಆಗಲ್ಲ." "ಹೊಸ ಪೆಟ್ರೋಲ್ ಬಂದಮೇಲೆ ಮೈಲೇಜ್ ಬಿದ್ದೋಯ್ತು." "ಕರೆಂಟ್ ಹೋದಾಗ ಜನರೇಟರ್ ಕೈ ಕೊಡ್ತು, ಕೂಲರ್‌ನಲ್ಲಿದ್ದ ಹಾಲು ಹುಳಿಯಾಯ್ತು." ಈ ಮೂರನೆಯ ಮಾತು ನೇರವಾಗಿ ನನ್ನ ಕೆಲಸಕ್ಕೆ ಸೇರಿದ್ದು. ಕೆಚ್ಚಲಿನಿಂದ ಬರುವ ಹಾಲು ಹಸುವಿನ ಮೈ ಬಿಸಿಯಷ್ಟೇ, ಅಂದರೆ ಸುಮಾರು 38 ಡಿಗ್ರಿ ಇರುತ್ತದೆ. ಅದನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ನೀವು ಕೆಚ್ಚಲು ತೊಳೆದು, ಕೈ ತೊಳೆದು, ಎಷ್ಟೇ ಶುಚಿಯಾಗಿ ಕರೆದಿದ್ದರೂ ಒಂದು ಕಚಡಾ ಫಿಲ್ಟರ್ ಆ ಶ್ರಮವನ್ನೆಲ್ಲಾ ಚರಂಡಿಗೆ ಸುರಿಸಬಹುದು.

ನಮ್ಮ ಕಡೆ ಒಂದು ಅನುಕೂಲವಿದೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದದ್ದು ಈ ಚಿನ್ನದ ಗಣಿಗಳಿಗೆ. ಗಣಿ 2001ರಲ್ಲಿ ಮುಚ್ಚಿತು, ಆದರೆ ಯಂತ್ರದ ತಿಳಿವಳಿಕೆ ಮುಚ್ಚಿಲ್ಲ. ಊರಿಗಾಂ, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆಯಲ್ಲಿ ಗಣಿಯಲ್ಲೋ ಬಿಇಎಂಎಲ್‌ನಲ್ಲೋ ದುಡಿದು ನಿವೃತ್ತರಾದ ಫಿಟ್ಟರ್‌ಗಳು ಇಂದಿಗೂ ಸಿಗುತ್ತಾರೆ. ಬುಲ್ಡೋಜರ್ ಜೋಡಿಸಿದ ಕೈಗೆ ಸಂಘದ ಜನರೇಟರ್ ದೊಡ್ಡದಲ್ಲ. ಅಂಥವರ ಮುಂದೆ ಗಾಡಿ ನಿಲ್ಲಿಸಿ "ನೋಡಿ ಅಣ್ಣಾ, ಏನೋ ಆಗಿದೆ" ಎಂದರೆ ಸಾಲದು. ಹಸು ಮೇವು ಬಿಟ್ಟಿದೆ ಎಂದು ಫೋನ್ ಬಂದರೆ ನಾವು ಏನು ಕೇಳುತ್ತೇವೆ? ಯಾವಾಗಿನಿಂದ, ನಿನ್ನೆ ಏನು ತಿಂದಿತ್ತು, ಸಗಣಿ ಹೇಗಿದೆ, ಮೆಲುಕು ಹಾಕುತ್ತಿದೆಯೇ. ಮೆಕ್ಯಾನಿಕ್‌ಗೂ ಇಂಥದ್ದೇ ವಿವರ ಬೇಕು. ಅದು ಸಿಗದಿದ್ದರೆ ಅವರೂ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುತ್ತಾರೆ, ದುಡ್ಡು ನಿಮ್ಮದು.

ಯಾವಾಗ ನಿಂತಿತು?

ಮೊದಲು ಕೀ ತಿರುಗಿಸಿ ಕಿವಿ ಕೊಡಿ. ಸೆಲ್ಫ್ ನಿಧಾನಕ್ಕೆ ನರಳಿದರೆ, ಇಲ್ಲವೇ ಬರೀ 'ಟಕ್ ಟಕ್' ಎಂದರೆ ಅದು ಬ್ಯಾಟರಿಯದು, ಇಲ್ಲವೇ ಬ್ಯಾಟರಿ ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿಯದು. ಬಿಸಿ ನೀರು ಹಾಕಿ ತೊಳೆದು, ಒರೆಸಿ ಬಿಗಿ ಮಾಡಿದರೆ ಎಷ್ಟೋ ಗಾಡಿಗಳು ಅಲ್ಲೇ ಸ್ಟಾರ್ಟ್ ಆಗುತ್ತವೆ. ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಇಂಧನ ಬರುತ್ತಿಲ್ಲ, ಇಲ್ಲವೇ ಪೆಟ್ರೋಲ್ ಗಾಡಿಯಾದರೆ ಪ್ಲಗ್‌ನಲ್ಲಿ ಕಿಡಿ ಬರುತ್ತಿಲ್ಲ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡು 'ಗುಂಯ್' ಎಂಬ ಸದ್ದು ಬರಬೇಕು, ಅದು ಟ್ಯಾಂಕ್ ಒಳಗಿನ ಪಂಪಿನದು. ಸದ್ದೇ ಇಲ್ಲವೆಂದರೆ ಮೊದಲು ಫ್ಯೂಸ್ ನೋಡಿಸಿ, ಆಮೇಲೆ ಪಂಪ್. ಈ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಯಾವಾಗಲೂ 100 ರೂಪಾಯಿಗೆ ಹಾಕಿಸಿಕೊಂಡು ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸುಡುತ್ತದೆ.

ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ಉಸಿರು ಕಟ್ಟಿದಂತೆ ನಿಂತರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. 'ಉಸ್' ಎಂದು ಗಾಳಿ ಒಳಗೆ ಎಳೆದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ ಎಂದರ್ಥ, ಖರ್ಚೇನೂ ಇಲ್ಲ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ, ಕ್ಯಾನ್ ತುಂಬಿಕೊಂಡು ಏರು ಹತ್ತುವಾಗ ಪಿಕಪ್ ಬಿದ್ದರೆ ಇಂಧನದ ಫಿಲ್ಟರ್ ಕಟ್ಟಿರುವ ಸಾಧ್ಯತೆ ಹೆಚ್ಚು. ಹೆಚ್ಚು ಕೇಳಿದಾಗ ಕೊಡಲು ಅದಕ್ಕೆ ದಾರಿಯಿಲ್ಲ. ಬಂಕಿನಲ್ಲಿ ಹಾಕಿಸಿಕೊಂಡ ದಿನದಿಂದಲೇ ಶುರುವಾದ ತೊಂದರೆಯಾದರೆ ಇಂಜಿನ್ ಬಿಚ್ಚಲು ಬಿಡಬೇಡಿ, ಮೊದಲು ಇಂಧನ ಪರೀಕ್ಷಿಸಿ.

ಪೆಟ್ರೋಲ್ ಈಗ ಹಳೆಯ ಪೆಟ್ರೋಲ್ ಅಲ್ಲ

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲ್‌ನಲ್ಲಿ 20 ಪಾಲು ಎಥನಾಲ್ ಇರುತ್ತದೆ. ಎಥನಾಲ್ ಎಂದರೆ ಕಬ್ಬು, ಜೋಳ, ಅಕ್ಕಿಯಿಂದ ತೆಗೆದ ಸ್ಪಿರಿಟ್. ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ನ ಸುಮಾರು ಮೂರನೇ ಎರಡರಷ್ಟು ಶಕ್ತಿ ಮಾತ್ರ ಇದೆ. ಲೆಕ್ಕ ಹಾಕಿದರೆ ಇ20ಯಲ್ಲಿ ಶುದ್ಧ ಪೆಟ್ರೋಲ್‌ಗಿಂತ ಶೇಕಡಾ 6-7ರಷ್ಟು ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿದಿದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಲೀಟರಿಗೆ 16 ಕೊಡುತ್ತಿದ್ದ ಕಾರು 10ಕ್ಕೆ ಇಳಿದರೆ ಅದನ್ನು ಎಥನಾಲ್ ತಲೆಗೆ ಕಟ್ಟಬೇಡಿ. ಏರ್ ಫಿಲ್ಟರ್, ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್ ನೋಡಿಸಿ.

ಎಥನಾಲ್‌ನ ಇನ್ನೊಂದು ಗುಣ ನಮಗೆ ಹೆಚ್ಚು ಮುಖ್ಯ. ಅದು ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರನ್ನು ಕರಗಿಸಿಕೊಂಡು ಇಂಜಿನ್‌ನಲ್ಲಿ ಉರಿಸಿಯೂ ಬಿಡುತ್ತದೆ, ತೊಂದರೆಯಿಲ್ಲ. ನೀರು ಮಿತಿ ಮೀರಿದಾಗ ಮಾತ್ರ ಎಥನಾಲ್ ಆ ನೀರಿನ ಜೊತೆ ಸೇರಿ, ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೈಪ್ ಇಂಧನ ಎಳೆಯುವುದು ತಳದಿಂದಲೇ. ದಿನಾ ಓಡುವ ಗಾಡಿಯಲ್ಲಿ ಇದು ಅಪರೂಪ. ವಾರಗಟ್ಟಲೆ ನಿಂತ ಕಾರು, ಮೇವು ಕೊಯ್ಯುವ ಬ್ರಷ್ ಕಟರ್, ಹಾಲು ಕರೆಯುವ ಯಂತ್ರದ ಪೆಟ್ರೋಲ್ ಇಂಜಿನ್, ಇವುಗಳಲ್ಲೇ ಆಗುವುದು. ನಿಂತ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಆರಿ ಅಂಟು ಕೂತು ಜೆಟ್ ಕಟ್ಟುವುದೂ ಇಂಥ ಯಂತ್ರಗಳಲ್ಲೇ. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವ ಯಂತ್ರವಾದರೆ ಪೆಟ್ರೋಲ್ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಮನೆಯಲ್ಲಿ ತಿಂಗಳಿಗಿಂತ ಹಳೆಯ ಪೆಟ್ರೋಲ್ ಇಟ್ಟುಕೊಳ್ಳಬೇಡಿ. ಹಳೇ ಗಾಡಿಯ ರಬ್ಬರ್ ಪೈಪ್ ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಕೂಡಲೇ ಬದಲಿಸಿ. ಬಿಸಿ ಇಂಜಿನ್ ಮೇಲೆ ತೊಟ್ಟಿಕ್ಕುವ ಪೆಟ್ರೋಲ್ ಎಂದರೆ ಬೆಂಕಿಯೇ.

ಮೊಬೈಲ್‌ನಲ್ಲಿ ಓಡಾಡುವ ಒಂದು ವಿಡಿಯೋ ಬಗ್ಗೆ ಹೇಳಲೇಬೇಕು. ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ನೀರು ಹಾಕಿ ಕುಲುಕುತ್ತಾರೆ, ಕೆಳಗೆ ದಪ್ಪ ಪದರ ಕಂಡಾಗ "ಬಂಕಿನವರು ನೀರು ಸೇರಿಸಿದ್ದಾರೆ" ಎನ್ನುತ್ತಾರೆ. 100 ಮಿಲಿ ಇ20ಗೆ 10 ಮಿಲಿ ನೀರು ಹಾಕಿದರೆ ಕೆಳಗೆ ಸುಮಾರು 30 ಮಿಲಿ ಕಾಣುವುದು ಸಹಜ. ಅದರಲ್ಲಿ 20 ಎಥನಾಲ್, 10 ನೀವೇ ಹಾಕಿದ ನೀರು. ನೀರೇನೂ ಹಾಕದೆ ಗಾಜಿನ ಬಾಟಲಿಯಲ್ಲಿ ಹತ್ತು ನಿಮಿಷ ಇಟ್ಟಾಗಲೇ ಎರಡು ಪದರ ಕಂಡರೆ ಮಾತ್ರ ಜಗಳಕ್ಕೆ ಕಾರಣವಿದೆ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ, 5 ಲೀಟರ್ ಅಳತೆ ಪಾತ್ರೆಯ ಪರೀಕ್ಷೆ ಕೇಳುವುದು ಗ್ರಾಹಕರ ಹಕ್ಕು. ಸಂಘದಲ್ಲಿ ನಿಮ್ಮ ಹಾಲಿನ ಫ್ಯಾಟ್ ನೋಡಿಕೊಳ್ಳುವಷ್ಟೇ ಸಹಜವಾಗಿ ಕೇಳಿ.

ಡೀಸೆಲ್ ಮತ್ತು ಸಂಘದ ಜನರೇಟರ್

ಡೀಸೆಲ್ ಇಂಜಿನ್‌ಗೆ ನೀರು, ಕಸ, ಗಾಳಿ ಮೂರೂ ಆಗದು. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಗೆ ಧನುರ್ಮಾಸದ ಚಳಿಯಲ್ಲಿ ಬೆವರಿದಂತೆ ನೀರು ಕೂತು ತಳಕ್ಕೆ ಇಳಿಯುತ್ತದೆ. ನೀರಿದ್ದ ಕಡೆ ತುಕ್ಕು, ಡೀಸೆಲ್ಲೂ ನೀರೂ ಸೇರುವ ಗೆರೆಯಲ್ಲಿ ಕಪ್ಪು ಲೋಳೆಯಂಥ ಪಾಚಿ. ಅದೇ ಫಿಲ್ಟರ್ ಕಟ್ಟುವುದು. ಆದ್ದರಿಂದ ಜನರೇಟರ್ ಟ್ಯಾಂಕ್ ಯಾವಾಗಲೂ ತುಂಬಿರಲಿ. ಫಿಲ್ಟರ್ ಅಡಿಯ ತಿರುಪನ್ನು ವಾರಕ್ಕೊಮ್ಮೆ ಸಡಿಲಿಸಿ, ಗಾಜಿನ ಲೋಟಕ್ಕೆ ಸ್ವಲ್ಪ ಡೀಸೆಲ್ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಗುಳ್ಳೆಯಂತೆ ಬೇರೆಯೇ ನಿಲ್ಲುತ್ತದೆ.

ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ ಏರ್ ಹಿಡಿಯುತ್ತದೆ. ಆಮೇಲೆ ಡೀಸೆಲ್ ತುಂಬಿಸಿ ಎಷ್ಟು ಸೆಲ್ಫ್ ಹೊಡೆದರೂ ಬ್ಯಾಟರಿ ಇಳಿಯುತ್ತದೆಯೇ ಹೊರತು ಇಂಜಿನ್ ಹಿಡಿಯುವುದಿಲ್ಲ. ಹಳೇ ಮಾದರಿಯ ಜನರೇಟರ್, ಟ್ರ್ಯಾಕ್ಟರ್‌ಗಳಲ್ಲಿ ಫಿಲ್ಟರ್ ಮೇಲಿನ ಬ್ಲೀಡಿಂಗ್ ಬೋಲ್ಟ್ ಸಡಿಲಿಸಿ, ಕೈ ಪಂಪ್ ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿದರೆ ಸಾಕು. ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕರು ಇಬ್ಬರೂ ಇದನ್ನು ಒಮ್ಮೆ ಕಲಿತಿಟ್ಟುಕೊಳ್ಳಲಿ. ಆದರೆ ಹೊಸ ಕಾಮನ್ ರೈಲ್ ಇಂಜಿನ್‌ಗಳಲ್ಲಿ ನಾಝಲ್ ಕಡೆಯ ಪೈಪ್ ಸಡಿಲಿಸಲು ಹೋಗಬೇಡಿ. ಅಲ್ಲಿನ ಒತ್ತಡ 1000 ಬಾರ್‌ಗೂ ಮೇಲೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಕರೆಂಟ್ ಹೋದ ದಿನವೇ ಜನರೇಟರ್ ನೆನಪಾಗುವ ಪದ್ಧತಿ ಬಿಡಬೇಕು. ವಾರಕ್ಕೊಮ್ಮೆ ಕಾಲು ಗಂಟೆ, ಕೂಲರ್ ಲೋಡ್ ಕೊಟ್ಟು ಓಡಿಸಿ. ಲೋಡ್ ಇಲ್ಲದೆ ಓಡಿಸಿದರೆ ಇಂಜಿನ್ ಸರಿಯಾಗಿ ಬಿಸಿಯಾಗದೆ ಮಸಿ ಕಟ್ಟುತ್ತದೆ. ಹೊಗೆ ಕೊಳವೆ ಕಡ್ಡಾಯವಾಗಿ ಕೋಣೆಯಿಂದ ಹೊರಗೆ ಇರಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆ ಹೊಗೆಯ ವಿಷ ವಾಸನೆಯಿಲ್ಲದೆ ಮನುಷ್ಯರನ್ನೇ ಕೊಲ್ಲುತ್ತದೆ, ಪಕ್ಕದ ಕೊಟ್ಟಿಗೆಯ ದನ ಬಿಡುತ್ತದೆಯೇ?

ಹಾಲಿನ ರೂಟ್‌ನಲ್ಲಿ ಓಡುವ ಬಿಎಸ್6 ಪಿಕಪ್‌ಗಳದು ಬೇರೆ ಗೋಳು. 2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಚೆನ್ನಾಗಿ ಕಾದಾಗ ಮಾತ್ರ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಎರಡು ಕಿಲೋಮೀಟರ್ ಓಡಿಸು, ನಿಲ್ಲಿಸು, ಕ್ಯಾನ್ ಏರಿಸು ಎಂಬ ಓಟದಲ್ಲಿ ಅದು ಕಾಯುವುದೇ ಇಲ್ಲ. ಅದರ ದೀಪ ಹೊತ್ತಿದರೆ ಬಂಗಾರಪೇಟೆ-ಕೋಲಾರ ರಸ್ತೆಯಂಥ ಕಡೆ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ, ನಡುವೆ ಆಫ್ ಮಾಡಬೇಡಿ.

ಹೊಗೆಯ ಬಣ್ಣವನ್ನೂ ಮೆಕ್ಯಾನಿಕ್‌ಗೆ ಹೇಳಿ. ಕಪ್ಪಾದರೆ ಏರ್ ಫಿಲ್ಟರ್ ಅಥವಾ ನಾಝಲ್. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಅಂದಹಾಗೆ, ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಬಹಳ. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ನೀರು ಇಂಜಿನ್ ಒಳಗೂ ಅದನ್ನೇ ಕಟ್ಟಿಸುತ್ತದೆ, ಆಮೇಲೆ ಇಂಜಿನ್ ಕಾಯುತ್ತದೆ. ಕೂಲೆಂಟ್ ಹಾಕಿ.

ಕೆಚ್ಚಲಿಗೂ ಫಿಲ್ಟರ್‌ಗೂ ನಂಟು

ಹಾಲು ಕರೆಯುವ ಯಂತ್ರವನ್ನು ಇಂಜಿನ್‌ನಲ್ಲಿ ಓಡಿಸುವವರು ಇದನ್ನು ಗಮನವಿಟ್ಟು ಓದಿ. ಕೆಚ್ಚಲು ತೊಳೆದು ಒರೆಸಿದ ಮೇಲೆ ಹಸು ಸೊರೆ ಬಿಡುವುದು ಆಕ್ಸಿಟೋಸಿನ್ ಎಂಬ ಹಾರ್ಮೋನ್‌ನಿಂದ. ಅದರ ಪ್ರಭಾವ ಐದಾರು ನಿಮಿಷ ಮಾತ್ರ. ನಡುವೆ ಇಂಜಿನ್ ನಿಂತು, ನೀವು ಪ್ಲಗ್ ಬಿಚ್ಚಿ ಒರೆಸುವ ಹೊತ್ತಿಗೆ ಹಸು ಹಾಲು ಏರಿಸಿಕೊಂಡಿರುತ್ತದೆ. ಕೆಚ್ಚಲಲ್ಲಿ ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿ. ಪೂರ್ತಿ ನಿಲ್ಲದೆ ಏರಿಳಿದು ಓಡುವ ಇಂಜಿನ್ ಇನ್ನೂ ಕೆಟ್ಟದ್ದು. ಇಂಧನ ಸರಿಯಾಗಿ ಸಿಗದೆ ವೇಗ ಬಿದ್ದಾಗ ವ್ಯಾಕ್ಯೂಮ್ ಬೀಳುತ್ತದೆ, ಲೈನರ್ ಜಾರಿ ಗಾಳಿ ನುಗ್ಗುತ್ತದೆ, ಆ ರಭಸಕ್ಕೆ ಹಾಲಿನ ಹನಿಗಳು ಹಿಂದಕ್ಕೆ ಚಿಮ್ಮಿ ರೋಗಾಣುಗಳನ್ನು ಮೊಲೆ ತೊಟ್ಟಿನೊಳಗೆ ತಳ್ಳುತ್ತವೆ. ಪದೇ ಪದೇ ಕೆಚ್ಚಲು ಬಾವು ಬರುವ ಮನೆಯಲ್ಲಿ ವ್ಯಾಕ್ಯೂಮ್ ಗೇಜ್ ಮುಳ್ಳು ಕುಣಿಯುತ್ತಿದ್ದರೆ ಇಂಜೆಕ್ಷನ್ ಜೊತೆಗೆ ಇಂಜಿನ್‌ಗೂ ಚಿಕಿತ್ಸೆ ಬೇಕು. ಇಂಜಿನ್ ನಿಂತೇ ಹೋದರೆ ವ್ಯಾಕ್ಯೂಮ್ ಬಿಟ್ಟು ಕಪ್ ತೆಗೆದು, ಕೈಯಲ್ಲಿ ಪೂರ್ತಿ ಕರೆದು, ತೊಟ್ಟು ಅದ್ದುವ ಔಷಧಿ ಹಾಕಿ.

ರಿಪೇರಿ ಮುಗಿದ ಮೇಲೆ ಉಳಿಯುವುದು

ರಿಪೇರಿ ಮನೆ ಅಂಗಳದಲ್ಲೇ ನಡೆದಾಗ ತೆಗೆದ ಆಯಿಲ್, ಹಳೇ ಬ್ಯಾಟರಿ, ಸುರಿದ ಕೂಲೆಂಟ್ ಕೊಟ್ಟಿಗೆ ಮೂಲೆಯಲ್ಲೇ ಉಳಿಯುತ್ತವೆ. ದನಕ್ಕೆ, ಅದರಲ್ಲೂ ಕರುವಿಗೆ, ಸಿಕ್ಕಿದ್ದನ್ನು ನೆಕ್ಕುವ ಚಾಳಿ. ಖನಿಜ ಮಿಶ್ರಣ ಕಾಣದ ದನಕ್ಕೆ ಇನ್ನೂ ಹೆಚ್ಚು. ಕೂಲೆಂಟ್ ಸಿಹಿಯಾಗಿರುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಒಡೆದ ಬ್ಯಾಟರಿಯ ಸೀಸ ಅದಕ್ಕಿಂತ ಅಪಾಯ. ಸೀಸ ಒಳಗೆ ಹೋದ ದನಕ್ಕೆ ಕಣ್ಣು ಕಾಣದಂತಾಗುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ನಡುಗಿ ಬೀಳುತ್ತದೆ. ಹುಚ್ಚುನಾಯಿ ರೋಗದಲ್ಲೂ ಹೀಗೆ ಕಾಣುವುದುಂಟು, ಆದ್ದರಿಂದ ಬಾಯಿಗೆ ಕೈ ಹಾಕಬೇಡಿ.

ತುರಿಕಜ್ಜಿಗೆ, ಉಣ್ಣೆಗೆ ಸುಟ್ಟ ಇಂಜಿನ್ ಆಯಿಲ್ ಬಳಿಯುವುದನ್ನು ಇಂದಿಗೂ ನೋಡುತ್ತೇನೆ. ಚರ್ಮ ಸುಡುತ್ತದೆ, ದನ ಅದನ್ನೇ ನೆಕ್ಕುತ್ತದೆ. ಉಣ್ಣೆಗೆ ಸರಿಯಾದ ಔಷಧಿ ಆಸ್ಪತ್ರೆಯಲ್ಲಿ ಕೇಳಿ. ಹೊಟ್ಟೆ ಉಬ್ಬರಕ್ಕೆ ಡೀಸೆಲ್, ಸೀಮೆಎಣ್ಣೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಉಬ್ಬರಕ್ಕಿಂತ ಮೊದಲೇ ಪ್ರಾಣ ತೆಗೆಯಬಹುದು. ಡೀಸೆಲ್ ಕ್ಯಾನನ್ನು ಹಾಲಿನ ಕ್ಯಾನ್ ಜೊತೆ ಒಂದೇ ಗಾಡಿಯಲ್ಲಿ ತರಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ.

ಹಳೇ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಯವರು ಬೆಲೆ ಕಟ್ಟಿ ತೆಗೆದುಕೊಳ್ಳುತ್ತಾರೆ. ಸುಟ್ಟ ಆಯಿಲ್‌ಗೆ ಮುಚ್ಚಳವಿರುವ ಡಬ್ಬ ಇಟ್ಟು ಗ್ಯಾರೇಜಿಗೆ ಕೊಡಿ. ದನ ಬ್ಯಾಟರಿ ನೆಕ್ಕಿದ್ದನ್ನು ಕಂಡರೆ ಲಕ್ಷಣ ಬರಲಿ ಎಂದು ಕಾಯದೆ ಆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಸೀಸವನ್ನು ಹೊರಗೆ ಸಾಗಿಸುವ ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಆ ಹಸುವಿನ ಹಾಲಿನಲ್ಲೂ ಸೀಸ ಬರುವುದರಿಂದ ನಾವು ಹೇಳುವವರೆಗೆ ಅದನ್ನು ಸಂಘಕ್ಕೆ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ, ಕರುವಿಗೂ ಬಿಡಬೇಡಿ.