ಹತ್ತು ಬೆರಳಿನ ಗುರುತೂ ಮೂರು ಪೌಂಡಿನ ತಲೆಗಂದಾಯವೂ



1915ನೆಯ ಇಸವಿ ಮೇ ತಿಂಗಳ 8ನೆಯ ತಾರೀಖಿನಲ್ಲಿ ಮೋಹನದಾಸ ಗಾಂಧಿಯವರು ಬೆಂಗಳೂರಿಗೆ ಬಂದರು. ಅದೇ ವರುಷ ಫೆಬ್ರವರಿಯಲ್ಲಿ ತೀರಿಹೋದ ಗೋಪಾಲಕೃಷ್ಣ ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡುವದಕ್ಕಾಗಿ ಊರಿನವರು ಅವರನ್ನು ಕರಿಸಿದ್ದರು. ಜನರು ಅವರ ಗಾಡಿಯನ್ನು ತಾವೇ ಎಳೆಯಬೇಕೆಂದು ಆತುರಪಟ್ಟರು. ಅದು ಅವರಿಗೆ ಹಿಡಿಸಲಿಲ್ಲ. ಸಾರ್ವಜನಿಕ ಕೆಲಸ ಮಾಡುವವರನ್ನು ಹೀಗೆ ಎಳೆದು ಕೆಡಿಸಬಾರದೆಂದು ಅವರು ಸಭೆಯಲ್ಲಿಯೇ ಬುದ್ಧಿ ಹೇಳಿದರು. ಆದರೆ ನಾವು ಕೇಳುವದೇನಂದರೆ, ಆ ಜನವರಿಯಲ್ಲಿ ತಾನೇ ಹಡಗಿನಿಂದ ಮುಂಬಯಿಗೆ ಇಳಿದಿದ್ದ, ಈ ದೇಶದಲ್ಲಿ ಇನ್ನೂ ಯಾವ ದೊಡ್ಡ ಕೆಲಸವನ್ನೂ ಆರಂಭಿಸದೆ ಇದ್ದ ಮನುಷ್ಯನ ಗಾಡಿಗೆ ಬೆಂಗಳೂರಿನವರು ಹೆಗಲು ಕೊಡಲು ಬಂದದ್ದೇಕೆ? ಅದಕ್ಕೆ ಉತ್ತರವು ದಕ್ಷಿಣ ಆಫ್ರಿಕದಲ್ಲಿದೆ. ಈ ತಿಂಗಳ ಪಾಠವು ಅದರ ವಿಷಯವಾಗಿಯೇ.

ನಾವು ಇದನ್ನು ಬೆಂಗಳೂರಿನ ದಕ್ಷಿಣ ಭಾಗದ ಕುಮಾರಸ್ವಾಮಿ ಲೇಔಟಿನಲ್ಲಿ ಕುಳಿತು ಬರೆಯುತ್ತೇವೆ. ಆ ಕಾಲದಲ್ಲಿ ಈ ಬಡಾವಣೆ ಇರಲಿಲ್ಲ. ಸಾಯಂಕಾಲ ಇಲ್ಲಿಂದ ಬನಶಂಕರಿಯ ತನಕ ನಡೆದುಹೋಗಿ ತರಕಾರಿ ಕೊಂಡುಕೊಂಡು ತಿರಿಗಿ ಬರುವಾಗ ನಮ್ಮನ್ನು ತಡೆದು, "ನಿನ್ನ ರಹದಾರಿ ಎಲ್ಲಿ? ನೀನು ಯಾವ ಜಾತಿಯವನು? ಈ ರಸ್ತೆಯಲ್ಲಿ ನಡೆಯಲು ನಿನಗೆ ಅಪ್ಪಣೆ ಉಂಟೋ?" ಎಂದು ಯಾರೂ ಕೇಳುವದಿಲ್ಲ. ಕೇಳದೆ ಇರುವದರಿಂದ ಅದು ಎಂಥಾ ದೊಡ್ಡ ಸ್ವಾತಂತ್ರ್ಯವೆಂಬದು ನಮಗೆ ತಿಳಿಯುವದೂ ಇಲ್ಲ. ನಮ್ಮ ಹಳ್ಳಿಗಳಲ್ಲಿರುವ ವೃದ್ಧರಿಗಾದರೋ ಸ್ವಲ್ಪ ತಿಳಿದೀತು. ಯಾವ ಬಾವಿಗೆ ಕೊಡ ಇಳಿಸಬಾರದು, ಯಾವ ಬೀದಿಯಲ್ಲಿ ಕೆರ ಮೆಟ್ಟಿ ನಡೆಯಬಾರದು ಎಂಬ ಬರೆಯದ ಕಾಯಿದೆಯ ಕೆಳಗೆ ಅವರ ತಂದೆತಾಯಿಗಳು ಬದುಕಿದ್ದರು. ಆಫ್ರಿಕದಲ್ಲಿ ಅಂಥಾ ಕಾಯಿದೆಯನ್ನು ಬರೆದೇ ಇಟ್ಟರು.

ನಮ್ಮವರು ಅಲ್ಲಿಗೆ ಹೇಗೆ ಹೋದರೆಂಬದನ್ನು ಮೊದಲು ತಿಳಿಯಬೇಕು. ನಾತಾಲ್ ಎಂಬ ಇಂಗ್ಲಿಷರ ಸೀಮೆಯಲ್ಲಿ ಕಬ್ಬಿನ ತೋಟಗಳಿಗೆ ಆಳುಗಳು ಸಾಲದೆ ಹೋದದರಿಂದ 1860ನೆಯ ನವೆಂಬರ 16ರಲ್ಲಿ ಮದ್ರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಮೊದಲನೆಯ ಕೂಲಿಗಳನ್ನು ಡರ್ಬನ್ ಬಂದರದಲ್ಲಿ ಇಳಿಸಿತು. 1911ರ ವರೆಗೆ ಹೀಗೆ ಹೋದವರು ಸುಮಾರು 1,52,000 ಮಂದಿ. ಅವರಲ್ಲಿ ಹೆಚ್ಚಿನವರು ಮದ್ರಾಸಿನ ಬಂದರದಿಂದಲೇ ಹೋದರು. ಐದು ವರುಷದ ಕರಾರು. ತಿಂಗಳಿಗೆ 10 ಶಿಲ್ಲಿಂಗು ಸಂಬಳ. ಕರಾರಿಗೆ ಅವರು "ಗಿರಿಮಿಟ್" ಎಂದರು. (ಹುಬ್ಬಳ್ಳಿಯ ಕಡೆ ಮಂಡಕ್ಕಿಯಿಂದ ಮಾಡುವ ಗಿರ್ಮಿಟ್ಟು ಬೇರೆ, ಈ ಗಿರಿಮಿಟ್ಟಿನಲ್ಲಿ ರುಚಿ ಏನೂ ಇರಲಿಲ್ಲ.) ಕರಾರು ತೀರಿದ ಮೇಲೆ ಅನೇಕರು ಅಲ್ಲಿಯೇ ತೋಟ ಮಾಡಿ, ಅಂಗಡಿ ಇಟ್ಟು, ಮನೆ ಕಟ್ಟಿದರು. ಅವರ ಹಿಂದೆಯೇ ಗುಜರಾತಿನ ವರ್ತಕರೂ ಹೋದರು.

ಕೂಲಿಯಾಗಿ ಇರುವ ತನಕ ಹಿಂದೂಸ್ಥಾನದವನು ಬೇಕಾಗಿದ್ದನು; ಸ್ವತಂತ್ರನಾಗಿ ನೆರೆಯವನಾದ ಕೂಡಲೆ ಬೇಡವಾದನು. 1895ರಲ್ಲಿ ನಾತಾಲಿನ ಸರಕಾರವು ಒಂದು ಕಾಯಿದೆ ಮಾಡಿತು. ಹೇಗಂದರೆ, ಕರಾರು ತೀರಿದವನು ಒಂದೋ ಮತ್ತೆ ಕರಾರಿಗೆ ಬೀಳಬೇಕು, ಇಲ್ಲವೆ ತನ್ನ ದೇಶಕ್ಕೆ ಹಿಂದಿರುಗಬೇಕು, ಎರಡೂ ಇಲ್ಲವಾದರೆ ವರುಷಕ್ಕೆ 3 ಪೌಂಡು ತಲೆಗಂದಾಯ ಕೊಡಬೇಕು. ಮುಂದೆ ಇದನ್ನು 16 ವರುಷದ ಹುಡುಗರಿಗೂ 13 ವರುಷದ ಹುಡುಗಿಯರಿಗೂ ಹಾಕಿದರು. ಈಗ ಲೆಕ್ಕ ಮಾಡಿ ನೋಡಿರಿ. ಗಂಡ, ಹೆಂಡತಿ, ಬೆಳೆದ ಎರಡು ಮಕ್ಕಳು ಇರುವ ಮನೆಗೆ 12 ಪೌಂಡು, ಅಂದರೆ 240 ಶಿಲ್ಲಿಂಗು. ಅಂಥಾ ಗಂಡನ ಸಂಪಾದನೆಯು ತಿಂಗಳಿಗೆ 14 ಶಿಲ್ಲಿಂಗಿಗೆ ಮೀರುತ್ತಿರಲಿಲ್ಲವೆಂದು ಗಾಂಧಿಯವರು ಬರೆದಿದ್ದಾರೆ. ಹಾಗಾದರೆ ವರುಷಕ್ಕೆ 168. ಉಣ್ಣದೆ ಉಡದೆ ಇದ್ದರೂ ಗಂದಾಯ ತೀರದು. ಇದು ಹಣಕ್ಕಾಗಿ ಹಾಕಿದ ತೆರಿಗೆಯಲ್ಲ. ಕೊರಳಿಗೆ ಮತ್ತೆ ನೊಗ ಬರುವಂತೆ ಹಾಕಿದ ಹಗ್ಗ.

ಟ್ರಾನ್ಸ್‌ವಾಲ್ ಎಂಬ ಇನ್ನೊಂದು ಸೀಮೆಯಲ್ಲಿ 1906ರ ಆಗಸ್ಟಿನಲ್ಲಿ ಮತ್ತೊಂದು ಮಸೂದೆ ಹೊರಟಿತು. ಎಂಟು ವರುಷಕ್ಕೆ ಮೇಲ್ಪಟ್ಟ ಪ್ರತಿ ಏಷ್ಯದವನೂ ಹತ್ತು ಬೆರಳುಗಳ ಗುರುತು ಕೊಟ್ಟು ಚೀಟಿ ಪಡೆಯಬೇಕು; ಪೊಲೀಸನು ಕೇಳಿದಲ್ಲೆಲ್ಲಾ ತೋರಿಸಬೇಕು; ಚೀಟಿ ನೋಡುವದಕ್ಕಾಗಿ ಪೊಲೀಸನು ಮನೆಯೊಳಗೂ ಬರಬಹುದು. "ನಾವು ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವದಿಲ್ಲವೇ? ಇದರಲ್ಲೇನು ಅವಮಾನ?" ಎಂದು ಸಭೆಯಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸಾಲಪತ್ರಕ್ಕೆ ನಾವಾಗಿ ಒತ್ತುತ್ತೇವೆ, ಒಂದು ಬೆರಳು ಒತ್ತುತ್ತೇವೆ. ಹತ್ತು ಬೆರಳುಗಳನ್ನೂ ಕಳ್ಳರಿಂದ ತೆಗೆದುಕೊಳ್ಳುತ್ತಿದ್ದರು. ಒಂದು ಜನಾಂಗವನ್ನೆಲ್ಲಾ, ಎಂಟು ವರುಷದ ಕೂಸುಗಳು ಮೊದಲುಗೊಂಡು, ಹುಟ್ಟಿನಿಂದಲೇ ಕಳ್ಳರೆಂದು ಎಣಿಸುವದು ಬೇರೆ.

ಆ ಸೆಪ್ಟೆಂಬರ 11ರಲ್ಲಿ ಜೊಹಾನ್ಸ್‌ಬರ್ಗ್ ಪಟ್ಟಣದ ಎಂಪೈರ್ ನಾಟಕಶಾಲೆಯಲ್ಲಿ ಸುಮಾರು 3,000 ಮಂದಿ ಕೂಡಿದರು. ಹಾಜಿ ಹಬೀಬ್ ಎಂಬ ವೃದ್ಧ ಮುಸಲ್ಮಾನರು ಎದ್ದು, ಈ ಕಾಯಿದೆಗೆ ತಲೆಬಾಗುವದಿಲ್ಲವೆಂಬ ನಿರ್ಣಯವನ್ನು ದೇವರ ಹೆಸರಿನಲ್ಲಿ ಮಾಡೋಣವೆಂದರು. ಗಾಂಧಿಯವರು ಬೆಚ್ಚಿದರು. ಯಾಕಂದರೆ ಸಭೆಗಳಲ್ಲಿ ಕೈ ಎತ್ತಿ ಮನೆಗೆ ಹೋಗಿ ಮರೆಯುವ ನಿರ್ಣಯಗಳನ್ನು ಅವರು ಬಹಳ ಕಂಡಿದ್ದರು. ದೇವರ ಮುಂದೆ ಆಡಿದ ಮಾತು ಹಾಗಲ್ಲ. ಸೆರೆ, ಹಸಿವೆ, ಪೆಟ್ಟು, ಮರಣ ಬಂದರೂ ಒಬ್ಬೊಬ್ಬನೂ ತಾನೊಬ್ಬನೇ ಉಳಿದರೂ ನಿಲ್ಲಬೇಕಾದೀತೆಂದು ಅವರು ಎಚ್ಚರಿಸಿದ ತರುವಾಯವೇ ಎಲ್ಲರೂ ಎದ್ದು ಆಣೆ ಇಟ್ಟರು. ಕೈ ಎತ್ತದೆ, ಕಲ್ಲು ತೂರದೆ, ಕಾಯಿದೆಯನ್ನು ಬಹಿರಂಗವಾಗಿ ಮೀರಿ ಅದರ ಶಿಕ್ಷೆಯನ್ನು ತಾವೇ ಹೊರುವ ಈ ರೀತಿಗೆ ಮುಂದೆ "ಸತ್ಯಾಗ್ರಹ"ವೆಂಬ ಹೆಸರಾಯಿತು.

ಮಸೂದೆಯು 1907ರಲ್ಲಿ ಕಾಯಿದೆಯಾಯಿತು. ಸುಮಾರು 13,000 ಮಂದಿಯಲ್ಲಿ ಸುಮಾರು 500 ಮಂದಿ ಮಾತ್ರ ಹೆಸರು ಬರಸಿದರು. ಆದಾಗ್ಯೂ ಎಲ್ಲರೂ ವೀರರೇ ಆಗಿದ್ದರೆಂದು ಹೇಳಿದರೆ ಅದು ಪಾಠವಾಗದು. ಮೊದಲು ಸೆರೆಗೆ ಹೋದ ರಾಮಸುಂದರ ಪಂಡಿತನೆಂಬವನು ಒಂದು ತಿಂಗಳು ಕಳೆದು ಹೊರಗೆ ಬಂದಾಗ ಜನರು ಹೂಮಾಲೆ ಹಾಕಿ ಮೆರೆಸಿದರು. ಎರಡನೆಯ ಸಾರಿ ಹಿಡಿಯುವರೆಂಬ ಸುದ್ದಿ ಕೇಳಿದ ಕೂಡಲೆ ಅವನು ಊರನ್ನೇ ಬಿಟ್ಟು ಓಡಿದನು.

1908ರ ಜನವರಿಯಲ್ಲಿ ಗಾಂಧಿಯವರೂ ಸೆರೆಗೆ ಹೋದರು. ತಿಂಗಳ ಕೊನೆಗೆ ಜನರಲ್ ಸ್ಮಟ್ಸರ ಸಂಗಡ ಒಪ್ಪಂದವಾಯಿತು: ಜನರು ತಾವಾಗಿ ಹೆಸರು ಬರಸಿದರೆ ಕಾಯಿದೆಯನ್ನು ತೆಗೆಯುವರೆಂದು ಗಾಂಧಿಯವರು ತಿಳಿದುಕೊಂಡರು. ಅವರು ಹಣಕ್ಕೆ ಮಾರಿಕೊಂಡರೆಂದು ಕೆಲವರು ಕೋಪಿಸಿಕೊಂಡರು. ಫೆಬ್ರವರಿ 10ರಲ್ಲಿ ಅವರು ಹೆಸರು ಬರಸುವದಕ್ಕೆ ಹೋಗುವಾಗ ಮೀರ್ ಆಲಂ ಎಂಬ ಪಠಾಣನು ದಾರಿಯಲ್ಲಿ ದೊಣ್ಣೆಯಿಂದ ಹೊಡೆದು ಕೆಡವಿದನು. ಆ ಪಟ್ಟಣದ ಬ್ಯಾಪ್ಟಿಸ್ಟ್ ಸಭೆಯ ಬೋಧಕರಾದ ಜೋಸೆಫ್ ಡೋಕರು ಅಲ್ಲಿಗೆ ಬಂದು, ಅವರನ್ನು ತಮ್ಮ ಮನೆಗೆ ಸಾಗಿಸಿ, ತಮ್ಮ ಮಗನ ಕೋಣೆಯಲ್ಲಿ ಮಲಗಿಸಿದರು. ಬಿಳಿಯರ ಸಭೆಗೆ ಬೋಧಕರಾಗಿದ್ದು ಕರಿಯ ಮೈಯವನನ್ನು ಮನೆಯೊಳಗೆ ಮಲಗಿಸುವದು ಆಗ ಸುಲಭವಾದ ಕೆಲಸವಲ್ಲ. ಗಾಂಧಿಯವರು ಮನೆಯವರ ಚಿಕ್ಕ ಮಗಳಾದ ಆಲಿವಳಿಂದ ಒಂದು ಇಂಗ್ಲಿಷ್ ಕೀರ್ತನೆಯನ್ನು ಹಾಡಿಸಿ ಕೇಳಿದರು. ಹೊಡೆದವನನ್ನು ಶಿಕ್ಷಿಸಬೇಡಿರೆಂದು ಹೇಳಿ ಕಳುಹಿಸಿದರು. ಡೋಕರು 1909ರಲ್ಲಿ ಪ್ರಕಟಿಸಿದ ಪುಸ್ತಕವೇ ಗಾಂಧಿಯವರ ಮೊದಲನೆಯ ಜೀವನಚರಿತ್ರೆ.

ಕಾಯಿದೆಯನ್ನು ತೆಗೆಯಲಿಲ್ಲ. ಆದಕಾರಣ 1908ರ ಆಗಸ್ಟ್ 16ರಲ್ಲಿ ಹಮೀದಿಯಾ ಮಸೀದಿಯ ಮುಂದೆ ದೊಡ್ಡ ಕಡಾಯಿಯಲ್ಲಿ ಸೀಮೆಎಣ್ಣೆ ಹೊಯ್ದು 2,000ಕ್ಕೂ ಹೆಚ್ಚು ಚೀಟಿಗಳನ್ನು ಸುಟ್ಟರು. ಮೀರ್ ಆಲಂನೂ ಬಂದು, ತಾನು ಹೊಡೆದದ್ದು ತಪ್ಪೆಂದು ಒಪ್ಪಿ, ತನ್ನ ಚೀಟಿಯನ್ನು ಕೊಟ್ಟನು. ಆಮೇಲೆ ಬಹು ವರುಷ ಸೆರೆ, ಗಡೀಪಾರು, ಅಂಗಡಿಗಳ ಹರಾಜು. ನಾಗಪ್ಪನ್ ಎಂಬ 18 ವರುಷದ ಹುಡುಗನು ಚಳಿಗಾಲದ ಸೆರೆವಾಸದಿಂದ ಪುಪ್ಪುಸದ ರೋಗ ಹಿಡಿದು 1909ರ ಜುಲೈ 6ರಲ್ಲಿ ಸತ್ತನು.

ಈಗ ನಮ್ಮ ಸಭೆಗಳವರು ವಿಶೇಷವಾಗಿ ಗಮನಿಸತಕ್ಕ ಸಂಗತಿಗೆ ಬರುತ್ತೇವೆ. 1913ನೆಯ ಮಾರ್ಚಿ 14ರಲ್ಲಿ ಕೇಪ್ ಪ್ರಾಂತ್ಯದ ನ್ಯಾಯಾಧಿಪತಿ ಸರ್ಲ್ ಎಂಬವರು ಒಂದು ತೀರ್ಪು ಕೊಟ್ಟರು. ಅದರ ತಾತ್ಪರ್ಯವೇನಂದರೆ, ಕ್ರೈಸ್ತ ವಿಧಿಯ ಪ್ರಕಾರ ನಡೆದು ದಾಖಲಾದ ಮದುವೆಗಳ ಹೊರತು ಬೇರೆ ಮದುವೆಗಳು ಆ ದೇಶದ ಕಾಯಿದೆಯಲ್ಲಿ ಮದುವೆಗಳಲ್ಲ. ಹೀಗೆ ಸಾವಿರಾರು ಹಿಂದೂ, ಮುಸಲ್ಮಾನ, ಪಾರ್ಸಿ ಹೆಂಗಸರು ಒಂದೇ ದಿನದಲ್ಲಿ ಹೆಂಡತಿಯರಲ್ಲದೆ ಹೋದರು. ಅವರ ಮಕ್ಕಳು ತಂದೆಯ ಆಸ್ತಿಗೆ ಬಾಧ್ಯರಲ್ಲದೆ ಹೋದರು. ಕ್ರೈಸ್ತರಿಗಾದರೋ ಏನೂ ಆಗಲಿಲ್ಲ. ಉಪದೇಶಿಗಳು ಇಲ್ಲಿ ಪಾಠವನ್ನು ನಿಲ್ಲಿಸಿ, "ನೀವು ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಲಿ. ನಮ್ಮ ಮದುವೆ ಗಟ್ಟಿಯಾಗಿದೆ, ನೆರೆಯವಳದು ಮುರಿಯಿತು, ನಮಗೇನೆಂದು ಸುಮ್ಮನಿರುತ್ತಿದ್ದೆವೋ? ಬೇಗನೆ ಉತ್ತರ ಕೊಡಬಾರದು.

ಆ ತನಕ ಹೆಂಗಸರನ್ನು ಹೋರಾಟಕ್ಕೆ ಕರೆದಿರಲಿಲ್ಲ. ಈಗ ಕಸ್ತೂರಬಾಯಿಯವರ ಸಹಿತ 16 ಮಂದಿ ಸೆಪ್ಟೆಂಬರಿನಲ್ಲಿ ಅಪ್ಪಣೆಯಿಲ್ಲದೆ ಟ್ರಾನ್ಸ್‌ವಾಲಿನ ಗಡಿ ದಾಟಿ ಮೂರು ತಿಂಗಳ ಕಠಿಣ ಸೆರೆಗೆ ಹೋದರು. ಟ್ರಾನ್ಸ್‌ವಾಲಿನ ಹನ್ನೊಂದು ಮಂದಿ ಹೆಂಗಸರು, ಬಹುತೇಕ ತಮಿಳರು, ಕೆಲವರು ಕೈಗೂಸುಗಳನ್ನು ಎತ್ತಿಕೊಂಡು, ನಾತಾಲಿನ ನ್ಯೂಕ್ಯಾಸಲ್ ಎಂಬ ಕಲ್ಲಿದ್ದಲು ಗಣಿಗಳ ಊರಿಗೆ ಬಂದು, ಆ 3 ಪೌಂಡಿನ ತಲೆಗಂದಾಯ ಹೋಗುವ ತನಕ ಕೆಲಸ ನಿಲ್ಲಿಸಿರೆಂದು ಗಣಿಯಾಳುಗಳಿಗೆ ಹೇಳಿದರು. ಅವರಿಗೆ ಇಳಿದುಕೊಳ್ಳಲು ಸ್ಥಳ ಕೊಟ್ಟವರು ಯಾರು? ಲಾಜರಸ್ ಎಂಬ ತಮಿಳು ಕ್ರೈಸ್ತರು. ಎರಡು ಮೂರು ಕೋಣೆಗಳ ಮನೆ, ಒಂದು ತುಂಡು ಭೂಮಿ, ಇಷ್ಟೇ ಅವರ ಆಸ್ತಿ. ಅವರ ಮದುವೆಗೆ ಆ ತೀರ್ಪಿನಿಂದ ಯಾವ ಬಾಧೆಯೂ ಇರಲಿಲ್ಲ. ಗಣಿಯ ಯಜಮಾನರ ಹಗೆಯಾದರೋ ಖಂಡಿತವಾಗಿತ್ತು. ಆದರೂ ಬಾಗಲು ತೆರೆದರು. ಹೆಂಗಸರು ಸೆರೆಗೆ ಹೋದ ಮೇಲೆ ಗಾಂಧಿಯವರು ಬಂದು ಅಲ್ಲಿಯೇ ಇಳಿದುಕೊಂಡರು. ಗಣಿ ಬಿಟ್ಟ ಆಳುಗಳು ಹೆಂಡಿರುಮಕ್ಕಳನ್ನೂ ಗಂಟುಮೂಟೆಯನ್ನೂ ಹೊತ್ತು ಅಲ್ಲಿಗೆ ಬರುತ್ತಲೇ ಇದ್ದರು. ಮನೆಯು ಛತ್ರವಾಯಿತು, ಒಲೆ ಆರಲಿಲ್ಲ. ಈ ಚರಿತ್ರೆಯಲ್ಲಿ ದೊಡ್ಡ ಹೆಸರುಗಳು ಅನೇಕ ಉಂಟು. ನಮ್ಮ ಮನಸ್ಸು ಮಾತ್ರ ಆ ಅಡಿಗೆಮನೆಯ ಬಾಗಲಲ್ಲಿಯೇ ನಿಂತುಬಿಡುತ್ತದೆ.

ನವೆಂಬರ 6ರಲ್ಲಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಚಾರ್ಲ್ಸ್‌ಟೌನಿನಿಂದ ಗಡಿಯ ಕಡೆಗೆ ಕಾಲ್ನಡೆಯಾಗಿ ಹೊರಟರು. ದಿನಕ್ಕೆ ಒಬ್ಬರಿಗೆ ಒಂದೂವರೆ ರಾತ್ತಲು ರೊಟ್ಟಿ, ಒಂದು ಔನ್ಸು ಸಕ್ಕರೆ. ದಾರಿಯಲ್ಲಿ ಎರಡು ಕೂಸುಗಳು ಸತ್ತವು; ಒಂದು ಚಳಿಗಾಳಿಗೆ ಸಿಕ್ಕಿ, ಮತ್ತೊಂದು ಹಳ್ಳ ದಾಟುವಾಗ ತಾಯಿಯ ತೋಳಿನಿಂದ ಜಾರಿ. ತಾಯಂದಿರು ಹಿಂದಿರುಗಲಿಲ್ಲ. ನಾಲ್ಕು ದಿನಗಳಲ್ಲಿ ಗಾಂಧಿಯವರನ್ನು ಮೂರು ಸಾರಿ ಹಿಡಿದರು. ನಡೆಯುವವರನ್ನು ಬಂಡಿಗೆ ಹತ್ತಿಸಿ ಹಿಂದಕ್ಕೆ ಕಳುಹಿಸಿ, ಗಣಿಗಳನ್ನೇ ಸೆರೆಮನೆಗಳೆಂದು ಸಾರಿ, ದುಡಿಯದವರನ್ನು ಚಾವಟಿಯಿಂದ ಹೊಡೆದರು. ಆಗ ಕಬ್ಬಿನ ತೋಟಗಳವರೂ ಕೆಲಸ ಬಿಟ್ಟರು. ಈ ಸುದ್ದಿಗೆ ಹಿಂದೂಸ್ಥಾನವೆಲ್ಲಾ ಕಲಕಿತು. ವೈಸ್‌ರಾಯ್ ಹಾರ್ಡಿಂಜ್ ಪ್ರಭುಗಳೇ ಮದ್ರಾಸಿನಲ್ಲಿ ಸತ್ಯಾಗ್ರಹಿಗಳ ಪಕ್ಷವಾಗಿ ಮಾತಾಡಿದರು.

1914ರ ಜನವರಿಯಲ್ಲಿ ಬಿಳಿಯ ರೈಲ್ವೆ ಕೆಲಸಗಾರರು ಬೇರೆ ಕಾರಣಕ್ಕೆ ಮುಷ್ಕರ ಹೂಡಿದಾಗ, ಸರಕಾರವು ಇಕ್ಕಟ್ಟಿನಲ್ಲಿರುವ ಸಮಯದಲ್ಲಿ ನಾವು ಅದನ್ನು ಒತ್ತಬಾರದೆಂದು ಗಾಂಧಿಯವರು ಹೊಸ ನಡಿಗೆಯನ್ನು ನಿಲ್ಲಿಸಿದರು. ಆ ತಿಂಗಳಲ್ಲಿಯೇ ಸಿ. ಎಫ್. ಆಂಡ್ರೂಸರೂ ಪಿಯರ್ಸನರೂ ಸಹಾಯಕ್ಕೆ ಹೋದರು. ಬಂದರದಲ್ಲಿ ಆಂಡ್ರೂಸರು ಗಾಂಧಿಯವರ ಪಾದ ಮುಟ್ಟಿದರು. ಬಿಳಿಯರ ಪತ್ರಿಕೆಗಳು ಅದಕ್ಕೆ ಬಹಳ ಸಿಡಿಮಿಡಿಗೊಂಡವು. ಆ ವರುಷವೇ ಆದ ಕಾಯಿದೆಯಿಂದ 3 ಪೌಂಡಿನ ಗಂದಾಯ ಹೋಯಿತು, ಒಬ್ಬ ಹೆಂಡತಿಯುಳ್ಳ ಮದುವೆಗಳಿಗೆ ಮಾನ್ಯತೆ ಬಂತು. ಸೆರೆಯಿಂದ ಜ್ವರ ಹಿಡಿದು ಬಂದ ವಳ್ಳಿಯಮ್ಮ ಎಂಬ 16 ವರುಷದ ಹುಡುಗಿಯು ಇದನ್ನು ನೋಡಲಿಲ್ಲ. ಅವಳು ಫೆಬ್ರವರಿ 22ರಲ್ಲಿಯೇ ತೀರಿದ್ದಳು.

ಮೇಲಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿ ಉಂಟಲ್ಲಾ ಎಂದು ನಮ್ಮಲ್ಲಿ ಕೆಲವರಿಗೆ ಸಂಶಯ ಬರುವದು. ಅದನ್ನು ನಾವು ಲಘುವಾಗಿ ಎಣಿಸುವದಿಲ್ಲ. ಆದರೆ ಗಾಂಧಿಯವರು ಸೆರೆಯಲ್ಲಿ ದಾನಿಯೇಲನ ಪುಸ್ತಕವನ್ನು ಓದಿ, ಅವನು ಕಿಟಕಿ ಮುಚ್ಚದೆ ಪ್ರಾರ್ಥಿಸಿದ್ದನ್ನೂ ಸಿಂಹಗಳ ಗವಿಯ ಶಿಕ್ಷೆಯನ್ನು ಎದುರಿಸಿದ್ದನ್ನೂ ತಮ್ಮವರಿಗೆ ಮಾದರಿಯಾಗಿ ಹೇಳಿದರು. ದಾನಿಯೇಲನು ಅರಸನ ಮೇಲೆ ಕೈ ಎತ್ತಲಿಲ್ಲ, ಅಡಗಿಕೊಳ್ಳಲೂ ಇಲ್ಲ.

ಒಂದು ಕೊರತೆಯನ್ನು ಮರೆಮಾಚಬಾರದು. ಆ ಮಣ್ಣಿನ ಮಕ್ಕಳಾದ ಆಫ್ರಿಕದವರ ಕೊರಳಿನಲ್ಲಿ ಇನ್ನೂ ಭಾರವಾದ ರಹದಾರಿ ಇತ್ತು. 1913ರ ಭೂಮಿಯ ಕಾಯಿದೆಯು ಅವರ ಹೊಲಗಳನ್ನೇ ಕಿತ್ತಿತು. ನಮ್ಮವರ ಹೋರಾಟವು ಅವರನ್ನು ಸೇರಿಸಿಕೊಳ್ಳಲಿಲ್ಲ; ಗಾಂಧಿಯವರೇ ಮೊದಲಿನ ವರುಷಗಳಲ್ಲಿ ಅವರ ವಿಷಯವಾಗಿ ಬರೆದ ಕೆಲವು ಮಾತುಗಳನ್ನು ಇಂದು ಓದಿದರೆ ತಲೆ ತಗ್ಗಿಸಬೇಕಾಗುತ್ತದೆ. ಅದೇ 1913ರಲ್ಲಿ ಬ್ಲೂಮ್‌ಫಾಂಟೇನಿನ ಆಫ್ರಿಕದ ಹೆಂಗಸರು ತಾವೇ ರಹದಾರಿಗಳನ್ನು ನಿರಾಕರಿಸಿ ಸೆರೆಗೆ ಹೋದರು. ಇಬ್ಬರೂ ಒಂದೇ ಸಾಲಿನಲ್ಲಿ ನಿಂತದ್ದು ಬಹಳ ತಡವಾಗಿ, 1952ರಲ್ಲಿ. ಆಗ 8,000ಕ್ಕೂ ಹೆಚ್ಚು ಮಂದಿ ಸೆರೆಯಾದರು.

ನಮ್ಮ ನಾಡಿನಲ್ಲಿ 1919ರಲ್ಲಿ ಮಂಗಳೂರಿನ ಕಾರ್ನಾಡ ಸದಾಶಿವರಾಯರು ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದರು. 1930ರ ಏಪ್ರಿಲ್ 13ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ತರುವಾಯ ಅಂಕೋಲಾ, ಸಿದ್ಧಾಪುರ ಸೀಮೆಗಳ ರೈತರು ಕಂದಾಯ ಕೊಡದೆ ನಿಂತಾಗ ಸರಕಾರವು ಅವರ ಹೊಲಮನೆಗಳನ್ನು ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆಗಳ ಮುಂದೆ ಸಿದ್ಧಾಪುರದ ರೈತರ ಹೆಂಗಸರು ಉಪವಾಸ ಕುಳಿತರು. ಬೈಯಲಿಲ್ಲ, ಬಾಗಲು ಮುರಿಯಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವಾದ ಮೇಲೆ ಆ ಭೂಮಿಗಳು ಹಿಂದಕ್ಕೆ ಬಂದವು.